ಮೂರೂವರೆ ಪೌಂಡು

ಮಂಗಳವಾರ. ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ.
ಬೂಟಿನ ಹಿಮ ಒದರಿ ಒಳಬಂದಳು ವರ್ನಾ ಕೆಟ್ಟುಲಾ,
ಉತ್ತರ ಮಿನೆಸೋಟಾದ ಈ ಕಬ್ಬಿಣದ ಗಣಿಸೀಮೆಗೆ
ಮೂವತ್ತೊಂದು ವರ್ಷ ಅಂಚೆ ಹಂಚಿದವಳು.
ಬ್ರೆಡ್ಡಿನ ಚೀಲದಿಂದ ಪಿಸ್ತೂಲು ತೆಗೆದು,
ಹೊಟ್ಟೆ ಖಾಲಿಯೆಂದು ಎರಡು ಸಲ ನೋಡಿ,
ಮೂತಿ ಗೋಡೆಯ ಕಡೆಗೆ ತಿರುಗಿಸಿಟ್ಟಳು.
"ಆರ್ವಿಡ್‌ನದು. ನನ್ನ ಬೆರಳಿನ ಮಾತು ಕೇಳುವುದಿಲ್ಲ."

ಕೈಗವುಸು ಕಳಚಿದಳು. ತೋರುಬೆರಳ ಗೆಣ್ಣು
ಬೇರಿನ ಗಂಟಿನಂತೆ ಊದಿತ್ತು.
ಚಳಿಗಾಲದ ಪಂದ್ಯದಲ್ಲಿ ಹತ್ತರ ವೃತ್ತದಿಂದ
ಏಳಕ್ಕೆ ಜಾರಿದಳಂತೆ,
ಏಳರಿಂದ ಬರೀ ಕಾಗದಕ್ಕೆ.
"ಗುರಿ ಕೆಟ್ಟಿಲ್ಲ ರೇಯ್ನೊ, ಎಳೆಯುವಾಗ ಕೆಡುತ್ತದೆ.
ಎರಡು ಪೌಂಡಿಗೆ ಇಳಿಸಿಕೊಡು."
ಆಗದು ಅಂದೆ. ಪಂದ್ಯದ ನಿಯಮ ಮೂರೂವರೆ.
"ನಿಯಮ ಮಾಡಿದವನಿಗೆ ಸಂಧಿವಾತ ಇರಲಿಲ್ಲ."
ಇರಲಿಲ್ಲವೇನೋ. ಆದರೂ ಆಗದು.

ತಕ್ಕಡಿಯ ಕೊಕ್ಕೆ ಟ್ರಿಗರಿಗೆ ಸಿಕ್ಕಿಸಿ ಎಳೆದೆ:
ಆರೂಮುಕ್ಕಾಲು.
ಮತ್ತೆ ಎಳೆದೆ: ನಾಲ್ಕು.
ಮತ್ತೆ: ಐದೂವರೆ, ನಡುವೆ ಒಂದು ಕಡೆ
ಮರಳು ಸಿಕ್ಕಿದ ಬಾಗಿಲಂತೆ ಕಿರಕ್ಕೆಂದು ನಿಂತು.
ಒಂದೇ ಸಾಕ್ಷಿ, ಮೂರು ಹೇಳಿಕೆ.
ಹೀಗೆ ಮಾತಾಡುವ ಕಬ್ಬಿಣವನ್ನು
ನಾನು ನಂಬಿದವನಲ್ಲ.

ಬಿಚ್ಚಿ ಹರವಿದೆ, ಬಿಳಿ ಬಟ್ಟೆಯ ಮೇಲೆ.
ಕುದುರೆ ಹಿಂದಕ್ಕೆ ಬಾಗಿ ನಿಂತಾಗ
ಅದನ್ನು ತಡೆದು ಹಿಡಿಯುವ ಒಂದು ಪುಟ್ಟ ಅಗುಳಿ ಇದೆ,
ಹೆಬ್ಬೆರಳ ಉಗುರಿಗಿಂತ ಚಿಕ್ಕದು.
ಎಲ್ಲ ಜವಾಬ್ದಾರಿ ಅದರ ತುದಿಯ
ಕೂದಲೆಳೆಯಷ್ಟು ಅಂಚಿನದು.
ಆ ಅಂಚಿಗೆ ಯಾರೋ ಅರ ಹಾಕಿದ್ದರು,
ಗುದ್ದಲಿ ಹರಿತ ಮಾಡುವ ಅರ,
ಅದೂ ಅಡ್ಡಡ್ಡ.
ಭೂತಗನ್ನಡಿ ಅವಳ ಕೈಗೆ ಕೊಟ್ಟೆ.
"ಇದು ತಾನಾಗಿಯೇ ಜಾರಬಹುದಿತ್ತು, ವರ್ನಾ.
ಒಮ್ಮೆ ಜಾರಿಯೂ ಇರಬೇಕು."

ತುಂಬಾ ಹೊತ್ತು ನೋಡಿದಳು.
ಹೀಟರು ಗುರುಗುಟ್ಟುತ್ತಿತ್ತು.
ಆಮೇಲೆ ಭುಜ ಅಲುಗಿತು, ಅಳುತ್ತಾಳೆಂದುಕೊಂಡೆ.
ಅಳುವಲ್ಲ.

"ತೊಂಬತ್ತೇಳರ ನವೆಂಬರು. ನಾನು ಪ್ರಾರ್ಥನೆಗೆ ಹೋಗಿದ್ದೆ.
ಬರುವಷ್ಟರಲ್ಲಿ ನೆಲಮಾಳಿಗೆಯ ಗೋಡೆ ತುಂಬ ಬೀಟ್‌ರೂಟು.
ಹುಳಿ ಏರಿ ಜಾಡಿ ಸಿಡಿಯಿತು ಅಂದ.
ಎರಡು ದಿನ ಕೂಗಿದರೂ ಕೇಳಿಸಲಿಲ್ಲ ಅವನಿಗೆ,
ಸೌನಾದ ಶಾಖಕ್ಕೆ ಕಿವಿ ಕಟ್ಟಿದೆ ಅಂದ.
ಮುಚ್ಚಳ ನಾನೇ ಸರಿಯಾಗಿ ಬಿಗಿಯಲಿಲ್ಲವೆಂದು
ಮೂರು ವರ್ಷ ಬೀಟ್‌ರೂಟೇ ಹಾಕಲಿಲ್ಲ ರೇಯ್ನೊ,
ಮೂರು ವರ್ಷ!"

ಸತ್ತವನಿಗೆ ಫಿನ್ನಿಷಿನಲ್ಲಿ ಏನೋ ಅಂದಳು.
ಅದನ್ನು ನಾನು ಇಲ್ಲಿ ಬರೆಯಲಾರೆ.

ಹೊಸ ಅಗುಳಿ ಬರಲು ಎಂಟು ದಿನ.
ಸಾಣೆಕಲ್ಲಿಗೆ ಎಣ್ಣೆ ಹನಿಸಿ ಕೂತೆ,
ಒಂದು ಸಲ ಉಜ್ಜು, ಒರೆಸು, ಬೆಳಕಿಗೆ ಹಿಡಿ.
ಎಳ್ಳಿನ ಸಿಪ್ಪೆಯಷ್ಟು ಹೆಚ್ಚು ಹೋದರೂ
ಮರಳಿ ಅಂಟಿಸುವ ಗೋಂದು
ಯಾವ ಅಂಗಡಿಯಲ್ಲೂ ಇಲ್ಲ.
ಆರ್ವಿಡ್ ಆ ರಾತ್ರಿ ಹೇಗೆ ಕೂತಿದ್ದನೋ,
ಜಾಡಿಗಳ ನಡುವೆ ಮೊಣಕಾಲಿಗೆ ಪಿಸ್ತೂಲು ಒತ್ತಿ,
ನನಗೆ ಕೊಡಬೇಕಾದ ಇಪ್ಪತ್ತು ಡಾಲರ್ ಉಳಿಸುತ್ತ.

ಬಂದಳು. ಮೂರೂವರೆಯ ಬಟ್ಟು ತೂಗುಹಾಕಿ ಎತ್ತಿದೆ,
ಕುದುರೆ ಕದಲಲಿಲ್ಲ.
ಖಾಲಿ ಪಿಸ್ತೂಲು ಹಿಡಿದು, ಮರಳು ತುಂಬಿದ ಪೆಟ್ಟಿಗೆಯತ್ತ
ಅವಳು ತೋಳು ಚಾಚಿದಳು.
ಗಂಟಿನ ಬೆರಳು ನಿಧಾನ ಮಡಿಸಿತು.
ಟಕ್.
ಅವಳು ಹುಬ್ಬೇರಿಸಿದಳು, ಅಷ್ಟೇನಾ ಎಂಬಂತೆ.
ಅಷ್ಟೇ.
ಹಳೆಯ ಅಗುಳಿಯನ್ನು ಕೇಳಿ ಪಡೆದು
ಅಂಚೆಯ ಲಕೋಟೆಯೊಂದರಲ್ಲಿ ಹಾಕಿ
ನಾಲಿಗೆಯಿಂದ ಅಂಟು ಒದ್ದೆ ಮಾಡಿ ಮುಚ್ಚಿದಳು,
ವಿಳಾಸ ಬರೆಯಲಿಲ್ಲ.

ಅಂಕ ಎಷ್ಟು ಬಂತೆಂದು ಅವಳು ಹೇಳಿಲ್ಲ.
ಮೊನ್ನೆ ಅಂಗಡಿಯ ಮೆಟ್ಟಿಲ ಮೇಲೆ ಒಂದು ಜಾಡಿ ಇತ್ತು,
ಒಳಗೆ ಕಡುಗೆಂಪು ಬೀಟ್‌ರೂಟು.
ನಾನೂ ಎಪ್ಪತ್ತು ದಾಟಿದವನು,
ಎರಡು ದಿನದಿಂದ ತಿರುಗಿಸುತ್ತಿದ್ದೇನೆ,
ಮುಚ್ಚಳ ಬರುತ್ತಿಲ್ಲ.